ಬಡಗಿಯ ಕುದುರೆ

ದಹಿಸರ್‌ನ ನಮ್ಮ ಮನೆಯ ಹಿಂದಿನ ಗ್ಯಾಲರಿಯಲ್ಲಿ ಈಗ ಎರಡು ಕುದುರೆಗಳು ನಿಂತಿವೆ. ಅವಕ್ಕೆ ತಲೆಯಿಲ್ಲ, ಬಾಲವಿಲ್ಲ. ಒಂದೊಂದಕ್ಕೂ 30 ಅಂಗುಲ ಉದ್ದದ ತೇಗದ ಬೆನ್ನು, ಹೊರಕ್ಕೆ ಚಾಚಿ ನೆಲವನ್ನು ಹಿಡಿದ ನಾಲ್ಕು ಕಾಲು, ಅಷ್ಟೆ. ಹಲಗೆಯನ್ನು ಗರಗಸದಿಂದ ಕೊಯ್ಯುವಾಗ ಅದರ ಅಡಿಗೆ ಆಸರೆಯಾಗಿ ಇಡುವ ಸಾಧನವಿದು. ಮುಂಬಯಿಯ ಬಡಗಿಗಳ ಬಾಯಲ್ಲಿ ಇದು ‘ಘೋಡಿ’. ರಜಾದಿನಗಳಲ್ಲಿ ಮರಗೆಲಸ ಮಾಡಿಕೊಳ್ಳುವ ಹವ್ಯಾಸವುಳ್ಳ ನಾನು ಕಳೆದ ಮಳೆಗಾಲದಲ್ಲಿ ಇವನ್ನು ಕೈಯಾರೆ ಮಾಡಿದೆ. ಮಾಡುತ್ತಿರುವಾಗ ಒಂದು ಸಣ್ಣ ಪ್ರಶ್ನೆ ಕಾಡತೊಡಗಿತು. ಉತ್ತರ ಕನ್ನಡದ ನನ್ನೂರಿನ ಆಚಾರಿಯ ಕೊಟ್ಟಿಗೆಯಲ್ಲಿ ಬಾಲ್ಯವಿಡೀ ಕಳೆದವನು ನಾನು. ಅಲ್ಲಿ ಉಳಿ, ಬಾಚಿ, ಕೊಡತಿ, ಬೈರಿಗೆ, ಗರಗಸ ಎಲ್ಲವೂ ಇದ್ದವು. ಇಂಥ ಕುದುರೆ ಮಾತ್ರ ಇರಲಿಲ್ಲ. ಏಕೆ?

ಉತ್ತರವನ್ನು ಹುಡುಕುತ್ತ ಹೋದಾಗ ಮೊದಲು ಸಿಕ್ಕಿದ್ದು ಹೆಸರುಗಳು. ಭಾರ ಹೊರುವ ಮರದ ತುಂಡಿಗೆ ಪ್ರಾಣಿಯ ಹೆಸರಿಡುವುದು ಲೋಕದ ಅನೇಕ ಭಾಷೆಗಳ ಅಭ್ಯಾಸ. ಇಂಗ್ಲಿಷರಿಗೂ ಇದು ಕುದುರೆಯೇ. ಫ್ರೆಂಚರ ‘ಶೆವಾಲೆ’ ಎಂದರೆ ಪುಟ್ಟ ಕುದುರೆ. ಚಿತ್ರಕಾರನ ನಿಲುವುಗಾಲಿಗೂ ಪಿಟೀಲಿನ ತಂತಿಯನ್ನು ಎತ್ತಿಹಿಡಿಯುವ ತುಂಡಿಗೂ ಅವರಲ್ಲಿ ಇದೇ ಹೆಸರು. ಜರ್ಮನರ ಪಾಲಿಗೆ ಇದು ಹೋತ. ಚಿತ್ರಕಾರನ ನಿಲುವುಗಾಲಿಗೆ ಇಂಗ್ಲಿಷಿನಲ್ಲಿರುವ ‘ಈಸಲ್’ ಎಂಬ ಹೆಸರು ಡಚ್ಚರ ಕತ್ತೆಯಿಂದ ಬಂದದ್ದು. ಜಪಾನಿನ ಬಡಗಿಯೂ ತನ್ನ ಗಿಡ್ಡ ಆಸರೆಯನ್ನು ‘ಉಮಾ’, ಅಂದರೆ ಕುದುರೆ, ಎಂದೇ ಕರೆಯುತ್ತಾನೆ. ನಮ್ಮಲ್ಲಿಯೂ ವೀಣೆಯ ತಂತಿಗಳನ್ನು ಹೊತ್ತ ತುಂಡಿನ ಹೆಸರು ಕುದುರೆ. ನಾದವನ್ನು ಹೊರುವ ಮರಕ್ಕೆ ಈ ಹೆಸರು ಸಲ್ಲುವುದಾದರೆ ಹಲಗೆಯನ್ನು ಹೊರುವ ಮರಕ್ಕೂ ಸಲ್ಲಬೇಕು. ಆದ್ದರಿಂದ ಈ ಬರಹದಲ್ಲಿ ಅದನ್ನು ಕುದುರೆ ಎಂದೇ ಕರೆಯುತ್ತೇನೆ.

ಗರಗಸಕ್ಕೆ ಬೇಕಾದದ್ದು ಎರಡು: ಹಲ್ಲಿನ ಹರಿತ ಮತ್ತು ಮರದ ನಿಶ್ಚಲತೆ. ಮರ ಅಲುಗಿದರೆ ಎಂಥ ಹರಿತವೂ ವ್ಯರ್ಥ. ಮರವನ್ನು ಅಲುಗದಂತೆ ಹಿಡಿಯಲು ಮನುಷ್ಯ ಕಂಡುಕೊಂಡ ಮುಖ್ಯ ದಾರಿಗಳು ಮೂರು. ಒಂದು, ನೆಟ್ಟ ಕಂಬಕ್ಕೆ ಕಟ್ಟುವುದು. ಈಜಿಪ್ಟಿನಲ್ಲಿ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಬದುಕಿದ್ದ ಮೆಕೆತ್ರೆ ಎಂಬ ಉನ್ನತಾಧಿಕಾರಿಯ ಸಮಾಧಿಯಲ್ಲಿ 1920ರಲ್ಲಿ ಮರದ ಪುಟ್ಟ ಪ್ರತಿಕೃತಿಗಳ ಭಂಡಾರವೊಂದು ದೊರೆಯಿತು. ಅದರಲ್ಲಿ ಬಡಗಿಯ ಕಾರ್ಯಶಾಲೆಯೂ ಒಂದು. ಅಲ್ಲಿ ನಡುವೆ ನೆಟ್ಟ ಕಂಬಕ್ಕೆ ಹಲಗೆಯನ್ನು ನಿಲ್ಲಿಸಿ ಕಟ್ಟಿ ಒಬ್ಬ ಕೊಯ್ಯುತ್ತಿದ್ದಾನೆ. ಎರಡನೆಯ ದಾರಿ, ಕಾಲುಳ್ಳ ಪೀಠದ ಮೇಲೆ ಮಲಗಿಸುವುದು. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಅಡಿ ಹೂತುಹೋದ ಹರ್ಕ್ಯುಲೇನಿಯಮ್ ಪಟ್ಟಣದ ಭಿತ್ತಿಚಿತ್ರವೊಂದರಲ್ಲಿ ರೆಕ್ಕೆಯುಳ್ಳ ಇಬ್ಬರು ಪುಟ್ಟ ಮನ್ಮಥರು ಅಂಥ ಪೀಠದ ಮೇಲೆ ಹಲಗೆಯನ್ನಿಟ್ಟು ಚೌಕಟ್ಟಿನ ಗರಗಸವನ್ನು ಎಳೆಯುತ್ತಿದ್ದಾರೆ. ಮೂರನೆಯದು, ತನ್ನ ಮೈಯಿಂದಲೇ ಹಿಡಿಯುವುದು. ನೆಲದಲ್ಲಿ ಕುಳಿತು, ಎಡಪಾದದಿಂದ ಹಲಗೆಯನ್ನು ಒತ್ತಿ, ಕಾಲಬೆರಳುಗಳಿಂದ ಅದರ ಅಂಚನ್ನು ಕಚ್ಚಿ, ಬಲಗೈಯಲ್ಲಿ ಗರಗಸ ನಡೆಸುವುದು. ನನ್ನೂರಿನ ಆಚಾರಿಯ ದಾರಿ ಇದು. ಅವನ ಕೊಟ್ಟಿಗೆಯಲ್ಲಿ ಕುದುರೆ ಕಾಣದಿದ್ದುದಕ್ಕೆ ಕಾರಣ ಸರಳ. ಅದು ಅವನ ಸೊಂಟದ ಕೆಳಗೇ ಇತ್ತು.

ದಿಮ್ಮಿಯನ್ನು ಸೀಳುವ ಕೆಲಸ ಬೇರೆ; ಅದಕ್ಕೆ ಬೇರೆಯೇ ಜನ ಬರುತ್ತಿದ್ದರು. ಹೊಸ ಮನೆ ಕಟ್ಟುವವರ ಅಂಗಳದಲ್ಲಿ ಗರಗಸದವರಿಬ್ಬರು ವಾರಗಟ್ಟಲೆ ಬೀಡು ಬಿಡುತ್ತಿದ್ದರು. ದಪ್ಪ ಗಳಗಳನ್ನು ಕತ್ತರಿಯಾಕಾರದಲ್ಲಿ ಕಟ್ಟಿ, ಅದರ ಮೇಲೆ ದಿಮ್ಮಿಯ ಒಂದು ತುದಿಯನ್ನು ಏರಿಸಿ, ಮಸಿಯಲ್ಲಿ ಅದ್ದಿದ ದಾರವನ್ನು ಬಿಗಿದು ಚಿಮ್ಮಿಸಿ ಗೆರೆ ಹಾಕುತ್ತಿದ್ದರು. ಒಬ್ಬ ದಿಮ್ಮಿಯ ಮೇಲೆ ನಿಲ್ಲುವನು, ಇನ್ನೊಬ್ಬ ಅದರ ಕೆಳಗೆ. ಮೇಲಿನವನು ಗೆರೆ ನೋಡಿ ನಡೆಸಬೇಕು. ಕೆಳಗಿನವನು ಮುಖದ ಮೇಲೆ ಹೊಟ್ಟು ಸುರಿಸಿಕೊಂಡು ಎಳೆಯಬೇಕು. ಇಂಗ್ಲೆಂಡಿನಲ್ಲಿ ಈ ಕೆಲಸ ನೆಲದಲ್ಲಿ ತೋಡಿದ ಹೊಂಡದ ಮೇಲೆ ನಡೆಯುತ್ತಿತ್ತು. ಅಲ್ಲಿಯೂ ಮೇಲಿನವನಿಗೇ ಹೆಚ್ಚಿನ ಮಾನ. ‘ಮೇಲಿನ ಗರಗಸದವನು’ ಎಂಬುದು ಇಂಗ್ಲಿಷಿನ ಆಡುಮಾತಿನಲ್ಲಿ ‘ದೊಡ್ಡ ಮನುಷ್ಯ’ ಎಂಬರ್ಥಕ್ಕೇ ತಿರುಗಿತು; ಡಿಕನ್ಸನ ‘ಆಲಿವರ್ ಟ್ವಿಸ್ಟ್’ನ ಕಳ್ಳರ ಬಾಯಲ್ಲಿಯೂ ಆ ಮಾತಿದೆ. ಆ ದೇಶದ ಗರಗಸದವರು ತಮ್ಮ ಅನ್ನದ ಬಗ್ಗೆ ಎಷ್ಟು ಕಳವಳಗೊಂಡಿದ್ದರೆಂದರೆ, ಲಂಡನ್ನಿನ ಲೈಮ್‌ಹೌಸಿನಲ್ಲಿ ಗಾಳಿಯಿಂದ ನಡೆಯುವ ಗರಗಸದ ಗಿರಣಿ ಎದ್ದಾಗ 1768ರಲ್ಲಿ ಗುಂಪುಗೂಡಿ ಹೋಗಿ ಅದನ್ನು ಒಡೆದುಹಾಕಿದರು.

ಇದೇ ಕಾಲಘಟ್ಟದಲ್ಲಿ ನಮ್ಮ ಬಡಗಿಯ ಕಾಲು ಯುರೋಪಿನ ಗ್ರಂಥಗಳನ್ನು ಪ್ರವೇಶಿಸಿತು. ಪಿಯರ್ ಸೊನ್ನೆರಾ ಎಂಬ ಫ್ರೆಂಚ್ ಪ್ರವಾಸಿ ತನ್ನ ಭಾರತ ಪ್ರವಾಸದ ವೃತ್ತಾಂತವನ್ನು 1782ರಲ್ಲಿ ಪ್ಯಾರಿಸಿನಲ್ಲಿ ಪ್ರಕಟಿಸಿದ. ಇಲ್ಲಿಯ ಬಡಗಿಯ ಬಗ್ಗೆ ಅವನು ಬರೆದುದರ ಸಾರ ಹೀಗಿದೆ: ಇವನ ಉಪಕರಣಗಳು ಬೆರಳೆಣಿಕೆಯವು, ನೆಲವೇ ಇವನ ಕೆಲಸದ ಮೇಜು, ಪಾದವೇ ಮರ ಹಿಡಿಯುವ ಸಾಧನ, ನಮ್ಮವರು ಮೂರು ದಿನದಲ್ಲಿ ಮುಗಿಸುವುದಕ್ಕೆ ಇವನಿಗೆ ಒಂದು ತಿಂಗಳು ಬೇಕು. ನೆಲಕ್ಕೆ ನೆಟ್ಟ ಎರಡು ಮರಗಳ ನಡುವೆ ದಿಮ್ಮಿಯನ್ನು ನಿಲ್ಲಿಸಿ, ಕುಳಿತು ಕೊಯ್ಯುವ ಪದ್ಧತಿಯನ್ನೂ ಅವನು ಕಂಡಿದ್ದ. ಕಲಿಸಿದರೂ ನಮ್ಮ ಕ್ರಮವನ್ನು ಇವರು ಒಪ್ಪುವುದಿಲ್ಲವೆಂದು ಗೊಣಗಿದ್ದ. ಮೆಕೆತ್ರೆಯ ಸಮಾಧಿಯಲ್ಲಿರುವ ಪದ್ಧತಿಗೆ ಇದು ಹತ್ತಿರದ ನೆಂಟ. ಸೊನ್ನೆರಾನ ಗೊಣಗಾಟಕ್ಕೂ ಹಿನ್ನೆಲೆಯಿತ್ತು. ಅವನ ದೇಶದಲ್ಲೇ, 1769ರಿಂದ ಆರಂಭಿಸಿ, ರೂಬೊ ಎಂಬ ಬಡಗಿ ತನ್ನ ಕಸುಬಿನ ಬೃಹದ್ಗ್ರಂಥವನ್ನು ಬರೆದು, ನಿಂತು ಕೆಲಸ ಮಾಡುವ ದಪ್ಪ ಮೇಜಿನ ಸವಿವರ ಚಿತ್ರಗಳನ್ನು ಕೊಟ್ಟಿದ್ದ. ಆ ಮೇಜನ್ನು ಅಳತೆಗೋಲಾಗಿ ಹಿಡಿದವನಿಗೆ ನಮ್ಮ ನೆಲ ಕೊರತೆಯಾಗಿ ಕಂಡಿತು.

ಸೊನ್ನೆರಾನ ಈ ಮಾತುಗಳನ್ನು ಜೇಮ್ಸ್ ಮಿಲ್ ಎತ್ತಿಕೊಂಡ. 1817ರಲ್ಲಿ ಹೊರಬಂದ ಅವನ ‘ಬ್ರಿಟಿಷ್ ಇಂಡಿಯಾದ ಇತಿಹಾಸ’ದಲ್ಲಿ, ಹಿಂದೂಗಳು ನಾಗರಿಕತೆಯ ಏಣಿಯಲ್ಲಿ ಎಷ್ಟು ಕೆಳಗಿನ ಮೆಟ್ಟಿಲಿನಲ್ಲಿದ್ದಾರೆಂದು ತೋರಿಸಲು ಬಡಗಿಯ ಪಾದವೂ ಒಂದು ಸಾಕ್ಷಿಯಾಯಿತು. ಮಿಲ್ ಭಾರತಕ್ಕೆ ಬಂದವನಲ್ಲ, ಇಲ್ಲಿಯ ಯಾವ ಭಾಷೆಯನ್ನೂ ಬಲ್ಲವನಲ್ಲ. ಆದರೂ ಆ ಗ್ರಂಥದ ಬಲದಿಂದ 1819ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ಅವನಿಗೆ ನೌಕರಿ ದೊರೆಯಿತು. ಭಾರತಕ್ಕೆ ಬರಲಿದ್ದ ಅಧಿಕಾರಿಗಳು ಹೇಲಿಬರಿಯ ಕಾಲೇಜಿನಲ್ಲಿ ಅದನ್ನೇ ಓದಿ ಬಂದರು. ಕಾಗದಪತ್ರಗಳ ಮೂಲಕ ಊರುಗಳನ್ನು ಅಳೆಯುವ ಕಚೇರಿಯೊಂದರಲ್ಲಿ ಎರಡು ದಶಕ ಕಳೆದ ನನಗೆ ಮಿಲ್‌ನ ಮೇಲೆ ಪೂರ್ತಿಯಾಗಿ ಸಿಟ್ಟು ಮಾಡಿಕೊಳ್ಳುವ ನೈತಿಕ ಧೈರ್ಯವಿಲ್ಲ. ಮೇಜಿನ ಹಿಂದೆ ಕುಳಿತವನಿಗೆ ಮೇಜಿಲ್ಲದವನು ಹಿಂದುಳಿದವನಾಗಿ ಕಾಣುವುದು ಎಷ್ಟು ಸುಲಭವೆಂದು ನಾನು ಬಲ್ಲೆ.

ಮಿಲ್‌ಗೆ ಉತ್ತರ ಕೊಡುವುದು ಕಷ್ಟವಲ್ಲ. ಆ ಉತ್ತರ ಮುಂಬಯಿಯಲ್ಲೇ ಇದೆ. ಅವನ ಗ್ರಂಥದ ಮೇಲೆ ಅಚ್ಚಾಗಿರುವ 1817ನೆಯ ಇಸವಿಯಲ್ಲಿಯೇ, ಅಕ್ಟೋಬರ್ 12ರಂದು, ಇಲ್ಲಿಯ ಹಡಗುಕಟ್ಟೆಯಿಂದ ‘ಟ್ರಿಂಕಾಮಲೀ’ ಎಂಬ ಯುದ್ಧನೌಕೆ ನೀರಿಗಿಳಿಯಿತು. ಇಂಗ್ಲೆಂಡಿನ ನೌಕಾದಳಕ್ಕಾಗಿ ಅದನ್ನು ಕಟ್ಟಿದವನು ಜಮ್‌ಶೇಟ್‌ಜೀ ಬೊಮನ್‌ಜೀ ವಾಡಿಯಾ. ಅವನ ಮನೆತನದ ಮೂಲಪುರುಷ ಲವ್‌ಜೀ ನಸರ್ವಾನ್‌ಜೀ 1736ರಲ್ಲಿ ಸೂರತ್ತಿನಿಂದ ಕೆಲವು ಬಡಗಿಗಳೊಡನೆ ಮುಂಬಯಿಗೆ ಬಂದವನು. ಮುಂದೆ ಸುಮಾರು ಒಂದೂವರೆ ಶತಮಾನ ಇಲ್ಲಿಯ ಹಡಗುಕಟ್ಟೆಯ ಮುಖ್ಯ ನಿರ್ಮಾಪಕನ ಪಟ್ಟ ಆ ಮನೆತನದಲ್ಲೇ ಉಳಿಯಿತು. ನೆಪೋಲಿಯನ್ನನ ಯುದ್ಧಗಳಲ್ಲಿ ಓಕ್ ಮರ ಬರಿದಾದ ಇಂಗ್ಲೆಂಡು ನಮ್ಮ ತೇಗವನ್ನು ಅರಸಿ ಬಂದಿತ್ತು. ಟ್ರಿಂಕಾಮಲೀಯ ಮೈಯೆಲ್ಲ ಮಲಬಾರಿನ ತೇಗ. ಇನ್ನೂರು ವರ್ಷ ಕಳೆದರೂ ಆ ಹಡಗು ಇಂಗ್ಲೆಂಡಿನ ಹಾರ್ಟಲ್‌ಪೂಲ್ ಬಂದರಿನಲ್ಲಿ ಇಂದಿಗೂ ತೇಲುತ್ತಿದೆ. ಪ್ರವಾಸಿಗರು ಚೀಟಿ ಕೊಂಡು ಅದನ್ನು ಹತ್ತುತ್ತಾರೆ. ಪಾದದಿಂದ ಮರ ಹಿಡಿಯುವ ನಾಡಿನವರು ಕಟ್ಟಿದ್ದು ಮಿಲ್‌ನ ವಾದಕ್ಕಿಂತ ಹೆಚ್ಚು ಕಾಲ ತೇಲಿತು.

ಇಷ್ಟು ಬರೆದು ಇಲ್ಲಿಗೇ ನಿಲ್ಲಿಸಬಹುದಿತ್ತು. ನಮ್ಮಂಥವರ ಬರಹಗಳು ಬಹಳಷ್ಟು ಸಲ ಇಂಥ ಕಡೆಯೇ ನಿಲ್ಲುತ್ತವೆ. ಆದರೆ ಈ ಉತ್ತರದಲ್ಲೊಂದು ತೊಡಕಿದೆ. ಹಡಗು ಕಟ್ಟಿದವನ ಹೆಸರು ನಮಗೆ ಗೊತ್ತು. ಅದರ ಹಲಗೆಗಳನ್ನು ಕೊಯ್ದವರ ಹೆಸರು ಗೊತ್ತಿಲ್ಲ. ಮಿಲ್ ಬಡಗಿಯ ಪಾದವನ್ನು ತೋರಿಸಿ ನಕ್ಕ. ನಾವು ಹಡಗನ್ನು ತೋರಿಸಿ ಬೀಗಿದೆವು. ಆ ಪಾದಕ್ಕೆ ಏನಾಯಿತೆಂದು ಇಬ್ಬರೂ ಕೇಳಲಿಲ್ಲ.

ಬಡಗಿಯನ್ನು ಪ್ರೀತಿಯಿಂದ ಕಂಡವರೂ ಇದ್ದರು. ಮುಂಬಯಿಯ ಜೆ.ಜೆ. ಕಲಾಶಾಲೆಗೆ 1865ರಲ್ಲಿ ಅಧ್ಯಾಪಕನಾಗಿ ಬಂದ ಜಾನ್ ಲಾಕ್‌ವುಡ್ ಕಿಪ್ಲಿಂಗ್ ನಮ್ಮ ಕಸುಬುದಾರರನ್ನು ಅವರು ಕುಳಿತ ಭಂಗಿಯಲ್ಲೇ ಬಿಡಿಸಿದ. 1870ರಲ್ಲಿ ಸಿಮ್ಲಾದಲ್ಲಿ ಅವನು ಬರೆದ ಮರಗೆತ್ತನೆಯವನ ಚಿತ್ರ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಆನಂದ ಕುಮಾರಸ್ವಾಮಿಯವರು 1909ರಲ್ಲಿ ‘ದಿ ಇಂಡಿಯನ್ ಕ್ರಾಫ್ಟ್ಸ್‌ಮನ್’ ಬರೆದು ಯಂತ್ರಯುಗದ ಎದುರು ನಮ್ಮ ಕುಶಲಕರ್ಮಿಯನ್ನು ಎತ್ತಿಹಿಡಿದರು. ಇಂಗ್ಲಿಷ್ ಎಂ.ಎ. ಓದುವ ದಿನಗಳಲ್ಲಿ ಈ ಪುಸ್ತಕವನ್ನೂ, ಗಾಡಿಚಕ್ರ ಮಾಡುವವರ ಲೋಕವನ್ನು ಚಿತ್ರಿಸಿದ ಜಾರ್ಜ್ ಸ್ಟರ್ಟ್‌ನ 1923ರ ಪುಸ್ತಕವನ್ನೂ ಓದಿ ಮರಗೆಲಸದ ಮೋಹಕ್ಕೆ ಬಿದ್ದವನು ನಾನು. ಪಾದವೇ ಹಿಡಿಕೆ, ನೆಲವೇ ಮೇಜು ಎಂಬುದು ನನಗೆ ಕಾವ್ಯದಂತೆ ಕಂಡಿತ್ತು. ಸೊನ್ನೆರಾ ಕೊರತೆಯೆಂದು ಕಂಡದ್ದನ್ನು ನಾನು ಸಿದ್ಧಿಯೆಂದು ಕಂಡೆ. ಕಣ್ಣು ಬೇರೆಯಾಗಿತ್ತು, ದೂರ ಅಷ್ಟೇ ಇತ್ತು.

ಆ ದೂರವನ್ನು ಕಡಿಮೆ ಮಾಡಿದವರು ಒಬ್ಬ ಆಚಾರ್ರು. ಕಾರ್ಕಳದ ಕಡೆಯವರು, ವಯಸ್ಸು ಅರವತ್ತು ದಾಟಿದೆ. ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದು, ಈಗ ನಾಲಾಸೋಪಾರದಲ್ಲಿದ್ದುಕೊಂಡು ಫ್ಲ್ಯಾಟುಗಳ ಮರಗೆಲಸ ಹಿಡಿಯುತ್ತಾರೆ. ನಮ್ಮ ಅಡುಗೆಮನೆಯ ಕಪಾಟು ಸರಿಪಡಿಸಲು ಬಂದವರು ಗ್ಯಾಲರಿಯಲ್ಲಿ ಅರ್ಧ ಮುಗಿದ ಕುದುರೆಯನ್ನು ಕಂಡು ನಿಂತರು.

“ಎಂತ ಸರ್ ಇದು, ಘೋಡಿಯಾ? ನಮಗೆಲ್ಲ ಕಾಲೇ ಘೋಡಿ ಮಾರಾಯ್ರೆ” ಎಂದು ನಕ್ಕರು.

ನಾನು ಉತ್ಸಾಹದಿಂದ ಪಾದದ ಕೌಶಲವನ್ನು ಹೊಗಳತೊಡಗಿದೆ. ಅವರು ಚಪ್ಪಲಿ ಬಿಟ್ಟು ಎಡಪಾದವನ್ನು ಮುಂದೆ ಚಾಚಿದರು. ಹೆಬ್ಬೆರಳ ಬುಡದಲ್ಲಿ ಒಂದು ಹಳೆಯ ಗಾಯದ ಗೆರೆ, ಅದರ ಪಕ್ಕದಲ್ಲಿ ಇನ್ನೊಂದು. “ಇದು ಅಪ್ಪನ ಹತ್ರ ಕಲಿಯುವಾಗ ಆದದ್ದು. ಇದು ಮಿಷನ್ನಿನದ್ದು. ಅಪ್ಪನಿಗೂ ಇಲ್ಲೇ ಇತ್ತು” ಎಂದರು. ಹೊಗಳಿಕೆಯ ಉಳಿದ ಮಾತು ನನ್ನ ಬಾಯಲ್ಲೇ ಉಳಿಯಿತು.

‘ಮಿಷನ್’ ಎಂದರೆ ವಿದ್ಯುತ್ತಿನ ಕೈಗರಗಸ. ಕುಳಿತು ಕೆಲಸ ಮಾಡುವ ಬಡಗಿಯ ಮೈಯೂ ಅವನ ಕೈಗರಗಸವೂ ಪರಸ್ಪರ ಒಗ್ಗಿಕೊಂಡು ಬೆಳೆದಂಥವು. ಕೈಗರಗಸದ ವೇಗ ತೋಳಿನ ವೇಗ. ತಪ್ಪಿದರೆ ಬೆರಳಿಗೆ ಗೀರು ಬೀಳಬಹುದು, ಕೈ ತಾನಾಗಿ ನಿಲ್ಲುತ್ತದೆ. ವಿದ್ಯುತ್ತಿನ ಅಲಗಿಗೆ ಆ ನಾಚಿಕೆಯಿಲ್ಲ. ನಮ್ಮ ನಗರಗಳಲ್ಲಿ ಗರಗಸ ಬದಲಾಯಿತು, ಭಂಗಿ ಬದಲಾಗಲಿಲ್ಲ. ಯಾವುದೇ ಫ್ಲ್ಯಾಟಿನಲ್ಲಿ ಕೆಲಸ ನಡೆಯುವಾಗ ಇಣುಕಿ ನೋಡಿ: ಹುಡುಗನೊಬ್ಬ ಪ್ಲೈವುಡ್ ಹಾಳೆಯನ್ನು ನೆಲಕ್ಕೆ ಹಾಸಿ, ಬರಿಗಾಲಿನಿಂದ ಅದುಮಿ, ಗಿರಗಿರನೆ ತಿರುಗುವ ಅಲಗನ್ನು ಆ ಕಾಲಿನ ಕಡೆಗೇ ನಡೆಸುತ್ತಿರುತ್ತಾನೆ. ಸೊನ್ನೆರಾ ಕಂಡ ಪಾದ ಅದೇ. ಅದರ ಎದುರಿರುವ ಹಲ್ಲು ಮಾತ್ರ ಬೇರೆ.

ಇನ್ನು ಕುದುರೆಯನ್ನು ಕಟ್ಟುವ ಬಗೆ. ಬೆನ್ನಿಗೆ ನನಗೆ ಸಿಕ್ಕಿದ್ದು ಕೆಡವಿದ ಹಳೆಯ ಚಾಳೊಂದರ ತೇಗದ ತೊಲೆ. ಹಳೆಯ ಮರ ಮಾರುವವನು ಅದನ್ನು ಬರ್ಮಾ ತೇಗವೆಂದು ಹೇಳಿ ಕೊಟ್ಟ. ಆ ಹೆಸರಿನ ಹಿಂದೆ ಮುಂಬಯಿಯದೇ ಒಂದು ಕಥೆಯಿದೆ. 1863ರಲ್ಲಿ ಇಲ್ಲಿ ಹುಟ್ಟಿದ ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಶನ್ ಬರ್ಮಾದ ಕಾಡುಗಳಿಂದ ತೇಗವನ್ನು ತರಿಸುತ್ತಿತ್ತು. ಅದಕ್ಕೂ ಬರ್ಮಾದ ಅರಸನಿಗೂ ಎದ್ದ ದಂಡದ ತಕರಾರನ್ನೇ ನೆಪವಾಗಿಸಿಕೊಂಡು ಬ್ರಿಟಿಷರು 1885ರಲ್ಲಿ ಯುದ್ಧ ಹೂಡಿ ಆ ರಾಜ್ಯವನ್ನು ನುಂಗಿದರು. ನಮ್ಮ ಕಡೆಯ ಕಾಡಿನ ಕಥೆಯೂ ಬೇರೆಯಲ್ಲ. 1801ರಲ್ಲಿ ಕಾರವಾರದ ಸೀಮೆಯನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್, ಅಲ್ಲಿಯ ಕಾಡುಗಳು ಊರದೇವರ ಸ್ವತ್ತೆಂದೂ, ದೇವರ ಪೂಜಾರಿಯೂ ಆದ ಗೌಡನ ಅಪ್ಪಣೆಯಿಲ್ಲದೆ ಮರ ಕಡಿಯುವಂತಿಲ್ಲವೆಂದೂ ಜನ ಹೇಳಿದ್ದನ್ನು ದಾಖಲಿಸಿ, ಇದು ಸರ್ಕಾರದ ಹಕ್ಕನ್ನು ತಪ್ಪಿಸುವ ಉಪಾಯವೆಂದು ಶಂಕಿಸಿದ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಮೇಲೆ ಆ ಅಪ್ಪಣೆ ಅರಣ್ಯ ಇಲಾಖೆಯ ಕೈಗೆ ಹೋಯಿತು. ತೊಲೆಯ ಮೇಲಿನ ಬಣ್ಣ ಕೆರೆದಾಗ ಬಂದ ಎಣ್ಣೆಯ ವಾಸನೆ ಮಾತ್ರ ನನ್ನೂರಿನ ಆಚಾರಿಯ ಕೊಟ್ಟಿಗೆಯದೇ ಆಗಿತ್ತು.

ಕುದುರೆ ನೋಡಲು ಸರಳ, ಮಾಡಲು ಅಲ್ಲ. ಪಾಶ್ಚಾತ್ಯ ಬಡಗಿಗಳು ಹೊಸ ಶಿಷ್ಯನಿಗೆ ಮೊದಲ ಪಾಠವಾಗಿ ಇದನ್ನು ಮಾಡಿಸುತ್ತಿದ್ದುದಕ್ಕೆ ಕಾರಣವಿದೆ. ಕಾಲು ನೆಟ್ಟಗಿದ್ದರೆ ಗರಗಸದ ಮೊದಲ ನೂಕಿಗೇ ಅದು ಮಗುಚುತ್ತದೆ. ಆದ್ದರಿಂದ ನಾಲ್ಕು ಕಾಲುಗಳೂ ಪಕ್ಕಕ್ಕೂ ಉದ್ದಕ್ಕೂ ಎರಡೂ ಕಡೆ ಓರೆಯಾಗಬೇಕು. ನಾನು ಪ್ರತಿ 12 ಅಂಗುಲ ಎತ್ತರಕ್ಕೆ ಎರಡೂ ದಿಕ್ಕಿನಲ್ಲಿ 3 ಅಂಗುಲ ಓರೆ ಕೊಟ್ಟೆ. 20 ಅಂಗುಲ ಎತ್ತರದ ಕುದುರೆಗೆ ಆಗ ಕಾಲಿನ ನಿಜವಾದ ಉದ್ದ 21 ಅಂಗುಲಕ್ಕಿಂತ ತುಸು ಹೆಚ್ಚಾಗುತ್ತದೆ. ಬೆನ್ನಿನ ಪಕ್ಕಗಳಲ್ಲಿ ಅರ್ಧ ಅಂಗುಲ ಆಳದ ಕಚ್ಚು ತೆಗೆದು ಕಾಲುಗಳನ್ನು ಕೂರಿಸಬೇಕು. ಭಾರವನ್ನು ಹೊರುವುದು ಆ ಕಚ್ಚಿನ ಅಂಚು, ತಿರುಪುಮೊಳೆಯಲ್ಲ. ತುದಿಗಳಲ್ಲಿ ಎರಡೆರಡು ಕಾಲುಗಳನ್ನು ಬೆಸೆಯುವ ಅಡ್ಡಹಲಗೆ. ಇಷ್ಟಾದರೂ ಅದು ನೆಲದ ಮೇಲೆ ಕುಣಿಯುತ್ತದೆ. ಮೂರು ಕಾಲಿನದು ಎಂಥ ನೆಲದಲ್ಲೂ ನಿಲ್ಲುತ್ತದೆ. ನಾಲ್ಕನೆಯ ಕಾಲೇ ಜಗಳಗಂಟಿ. ಸಮತಲವಾದ ಕಲ್ಲಿನ ಮೇಲಿಟ್ಟು, ಗಿಡ್ಡವಾದ ಕಾಲಿನ ಅಡಿಗೆ ಚಕ್ಕೆ ಕೊಟ್ಟು ಬೆನ್ನನ್ನು ಮಟ್ಟಕ್ಕೆ ತಂದು, ಒಂದೇ ದಪ್ಪದ ಮರದ ತುಂಡಿನ ಮೇಲೆ ಸೀಸದಕಡ್ಡಿಯನ್ನಿಟ್ಟು ನಾಲ್ಕೂ ಕಾಲಿನ ಸುತ್ತ ಗೆರೆ ಎಳೆದು, ಆ ಗೆರೆಗೆ ಕೊಯ್ದಾಗ ಅದು ನೆಲಕ್ಕೆ ಅಂಟಿ ನಿಲ್ಲುತ್ತದೆ. ಕಾಲು ಕೊಯ್ಯಲು ಆಸರೆ ಬೇಕಲ್ಲ? ಮೊದಲ ಕುದುರೆಯನ್ನು ನಾನು ನೆಲದಲ್ಲಿ ಕುಳಿತು, ಎಡಪಾದದಿಂದ ಅದುಮಿಯೇ ಕೊಯ್ದೆ. ಹತ್ತು ನಿಮಿಷಕ್ಕೆ ಮೊಣಕಾಲು ಕೂಗಿತು.

ಕಪಾಟಿನ ಕೆಲಸದ ಎರಡನೆಯ ದಿನ ಆಚಾರ್ರು ನನ್ನ ಜೋಡಿಯ ಮೇಲೆ ಹಲಗೆಯನ್ನಿಟ್ಟು ನಿಂತು ಕೊಯ್ದು ನೋಡಿದರು. ಮೊದಲು ಕೈ ಒಗ್ಗಲಿಲ್ಲ. ನನ್ನ ಮೊಣಕಾಲಿನ ಅಳತೆಗೆ ಮಾಡಿದ್ದು ಅವರಿಗೆ ಎತ್ತರವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಒಂದು ಬಗೆಯ ಲಯ ಸಿಕ್ಕಿತು. ಸಂಜೆ ಹೊರಡುವಾಗ, “ನನಗೆ ಈಗ ಗಂಟು ಮಡಚಲಿಕ್ಕೆ ಆಗುದಿಲ್ಲ ಸರ್. ಕೂತರೆ ಏಳಲಿಕ್ಕೆ ಹುಡುಗರು ಕೈ ಕೊಡಬೇಕು. ಅದಕ್ಕೇ ಕೆಲಸ ಕಡಿಮೆ ಮಾಡಿದ್ದು. ಇದರ ಅಳತೆ ಬರೆದು ಕೊಡಿ” ಎಂದರು.

ನಾನು ಅಳತೆ ಬರೆದುಕೊಡಲಿಲ್ಲ. ಅವರ ಮೊಣಕಾಲಿನವರೆಗಿನ ಎತ್ತರ ತೆಗೆದುಕೊಂಡೆ: 18 ಅಂಗುಲ. ಕಾಲಿನ ಉದ್ದ 19 ಅಂಗುಲ ಬಂತು. ಉಳಿದ ತೊಲೆಯಲ್ಲಿ ಅವರಿಗೊಂದು ಜೋಡಿ ಮಾಡಿದೆ. ಮೂರು ಭಾನುವಾರ ಹಿಡಿಯಿತು. ಆಚಾರ್ರು ಮಾಡಿದ್ದರೆ ಒಂದು ದಿನದ ಕೆಲಸ. ಕಾಲುಗಳು ಓರೆಯಾಗಿರುವುದರಿಂದ ಒಂದರ ಮೇಲೊಂದು ಕೂರುತ್ತವೆ. ಹಾಗೆ ಕೂರಿಸಿ ಹಗ್ಗ ಬಿಗಿದು, ದಹಿಸರ್ ಸ್ಟೇಶನ್ನಿನಲ್ಲಿ ವಿರಾರ್ ಲೋಕಲಿನ ಸಾಮಾನು ಡಬ್ಬಿಗೆ ಇಬ್ಬರೂ ಸೇರಿ ಏರಿಸಿದೆವು.

ಹನ್ನೆರಡನೆಯ ಶತಮಾನದ ಶರಣರಲ್ಲಿ ಬಾಚಿಕಾಯಕದ ಬಸವಯ್ಯ ಎಂಬವನೊಬ್ಬನಿದ್ದ. ಮರ ಕೆತ್ತುವ ಬಾಚಿಯೇ ಅವನ ಹೆಸರಾಯಿತು. ಕೊಯ್ಯುವ, ಕೆತ್ತುವ ಉಪಕರಣಗಳಿಗೆ ಹೆಸರಾಗುವ ಭಾಗ್ಯವಿದೆ, ಹೊರುವುದಕ್ಕಿಲ್ಲ. ಕುದುರೆಗೂ ಇಲ್ಲ, ಅದರ ಬದಲಿಗೆ ದುಡಿದ ಕಾಲಿಗೂ ಇಲ್ಲ.

ತಿಂಗಳ ನಂತರ ಆಚಾರ್ರಿಗೆ ಫೋನು ಮಾಡಿ ಕುದುರೆಗಳು ಹೇಗಿವೆ ಎಂದು ವಿಚಾರಿಸಿದೆ. “ನನಗೆ ಬಹಳ ಉಪಕಾರ ಆಯ್ತು ಸರ್. ಆದರೆ ಈ ಹುಡುಗರದ್ದೇ ತಲೆಬಿಸಿ. ಘೋಡಿಯ ಮೇಲೆ ಕೂತು ಊಟ ಮಾಡ್ತಾರೆ, ಕೊಯ್ಯಲಿಕ್ಕೆ ಮತ್ತೆ ನೆಲಕ್ಕೇ ಕೂರ್ತಾರೆ. ಕಾಲು ತೆಗಿ, ಕಾಲು ತೆಗಿ ಅಂತ ದಿನಾ ಬೈತಾ ಇದ್ದೇನೆ” ಎಂದರು. ಹಿಂದಿನಿಂದ ಮಿಷನ್ನಿನ ಸದ್ದು ಕೇಳಿಸುತ್ತಿತ್ತು.